ಪರಿಹಾರ ಗೊತ್ತಿದ್ದರೂ ಸಮಸ್ಯೆ ಏಕೆ ಉಳಿದಿದೆ? ರಾಜಕೀಯ ಅರ್ಥಶಾಸ್ತ್ರದ ಸಂಶೋಧನೆಯನ್ನು ಓದಿ ಬಳಸುವ ಕ್ರಮ

ಬಡತನ, ಅಪೌಷ್ಟಿಕತೆ, ಸರಿಯಾಗಿ ನಡೆಯದ ಶಾಲೆ, ವರ್ಷಕ್ಕೊಮ್ಮೆ ಕಿತ್ತುಹೋಗುವ ರಸ್ತೆ, ತಲುಪಬೇಕಾದವರಿಗೆ ತಲುಪದ ಅನುದಾನ, ಇಂಥ ಯಾವುದರ ಬಗ್ಗೆ ಚರ್ಚೆ ನಡೆದರೂ ಕೊನೆಗೆ ಎರಡು ಕಾರಣಗಳಲ್ಲಿ ಒಂದು ಮುಂದೆ ಬರುತ್ತದೆ: ಒಂದೋ ಹಣವಿಲ್ಲ, ಇಲ್ಲವೇ ಆಳುವವರಿಗೆ ಮನಸ್ಸಿಲ್ಲ. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಎರಡೂ ವಿಚಾರಣೆಯನ್ನು ಅಲ್ಲಿಗೇ ಮುಗಿಸಿಬಿಡುತ್ತವೆ. ಪರಿಹಾರ ಎಲ್ಲರಿಗೂ ಗೊತ್ತಿದ್ದು, ಹಲವು ಸಲ ಹಣವೂ ಮಂಜೂರಾಗಿದ್ದು, ಆದರೂ ಸಮಸ್ಯೆಯೊಂದು ದಶಕಗಟ್ಟಲೆ ಉಳಿದುಕೊಳ್ಳುವುದೇಕೆ ಎಂಬುದು ರಾಜಕೀಯ ಅರ್ಥಶಾಸ್ತ್ರದ ಪ್ರಶ್ನೆ. ಅದು ಹಾಗೆಯೇ ಇರುವುದರಿಂದ ಯಾರಿಗೆ ಅನುಕೂಲವಾಗುತ್ತಿದೆ, ನಷ್ಟ ಅನುಭವಿಸುವವರು ಒಟ್ಟಾಗಿ ಕೇಳಲಾರದಂತೆ ತಡೆದಿರುವುದು ಯಾವುದು, ತೀರ್ಮಾನಿಸುವ ಅಧಿಕಾರ ಯಾವ ನಿಯಮದ ಬಲದಿಂದ ಯಾರ ಕೈಯಲ್ಲಿದೆ ಎಂಬುದನ್ನು ಈ ಶಾಸ್ತ್ರ ದತ್ತಾಂಶಗಳ ಸಹಾಯದಿಂದ ಹುಡುಕುತ್ತದೆ.

ಅರ್ಥಶಾಸ್ತ್ರದಲ್ಲಿ ತರಬೇತಿ ಇಲ್ಲದಿದ್ದರೂ ಇಂಥ ಸಂಶೋಧನೆಯನ್ನು ನೇರವಾಗಿ ಓದಬೇಕೆನ್ನುವ ವಿದ್ಯಾರ್ಥಿಗಳು, ಪತ್ರಕರ್ತರು ಮತ್ತು ಸಂಘಟನೆಗಳಲ್ಲಿ ದುಡಿಯುವವರನ್ನು ಗಮನದಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಗಣಿತ ಬಾರದವರೂ ಈ ಪ್ರಬಂಧಗಳ ಮುಕ್ಕಾಲು ಭಾಗವನ್ನು ಅರ್ಥಮಾಡಿಕೊಳ್ಳಬಹುದು; ಬೇಕಾಗಿರುವುದು ಸಾವಧಾನ ಮತ್ತು ಸರಿಯಾದ ಕಡೆಯಿಂದ ಓದಲು ತೊಡಗುವ ಅಭ್ಯಾಸ.

ದೂರನ್ನು ಪ್ರಶ್ನೆಯಾಗಿ ಬದಲಿಸಿಕೊಳ್ಳಿ

ಪ್ರಬಂಧ ಹುಡುಕುವ ಮೊದಲು ನಿಮ್ಮನ್ನು ಕಾಡುತ್ತಿರುವ ಸಂಗತಿಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಬಹುಮಟ್ಟಿಗೆ ಅದು ದೂರಿನ ರೂಪದಲ್ಲಿರುತ್ತದೆ: “ಸರ್ಕಾರಿ ಆಸ್ಪತ್ರೆಗಳಿಗೆ ಸಾಕಷ್ಟು ಖರ್ಚು ಮಾಡುವುದಿಲ್ಲ.” ದೂರಿಗೆ ಉತ್ತರ ಸಿಗುವುದಿಲ್ಲ, ಸಮರ್ಥನೆ ಮಾತ್ರ ಸಿಗುತ್ತದೆ. ಅದನ್ನೇ “ಯಾವ ಸಂದರ್ಭಗಳಲ್ಲಿ ಸರ್ಕಾರಗಳು ಆರೋಗ್ಯದ ಮೇಲಿನ ಖರ್ಚನ್ನು ಹೆಚ್ಚಿಸಿವೆ, ಯಾವ ಸಂದರ್ಭಗಳಲ್ಲಿ ಹೆಚ್ಚಿಸಿಲ್ಲ?” ಎಂದು ಬದಲಿಸಿಕೊಂಡರೆ ಹೋಲಿಕೆಗೆ ಅವಕಾಶವಾಗುತ್ತದೆ, ಮತ್ತು ಸಂಶೋಧನೆಯೆಂಬುದು ಹೋಲಿಕೆಯಿಲ್ಲದೆ ನಡೆಯುವುದೇ ಇಲ್ಲ.

ಪ್ರಶ್ನೆ ಬದಲಾದರೆ ಏನಾಗುತ್ತದೆ ಎಂಬುದಕ್ಕೆ 1943ರ ಬಂಗಾಳ ಕ್ಷಾಮದ ಅಧ್ಯಯನಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆಹಾರಧಾನ್ಯದ ಕೊರತೆಯೇ ಕ್ಷಾಮಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಅಮರ್ತ್ಯ ಸೇನ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೆಕ್ಕ ಹಾಕಿದಂತೆ, 1943ರಲ್ಲಿ ಲಭ್ಯವಿದ್ದ ಧಾನ್ಯವು ಅದರ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಸುಮಾರು ಶೇ 5ರಷ್ಟು ಮಾತ್ರ ಕಡಿಮೆಯಿತ್ತು, ಕ್ಷಾಮವಿಲ್ಲದ 1941ಕ್ಕಿಂತ ಹೆಚ್ಚೇ ಇತ್ತು. ಯುದ್ಧದ ಖರ್ಚಿನಿಂದ ಬೆಲೆಗಳು ಏರಿದಾಗ ಕೃಷಿ ಕೂಲಿಕಾರರು, ಮೀನುಗಾರರು ಮತ್ತು ಕುಶಲಕರ್ಮಿಗಳ ಗಳಿಕೆ ಅದೇ ವೇಗದಲ್ಲಿ ಏರಲಿಲ್ಲ. ಧಾನ್ಯ ಇದ್ದರೂ ಅದನ್ನು ಪಡೆಯುವ ಶಕ್ತಿ ಅವರ ಕೈತಪ್ಪಿತು. “ಎಷ್ಟು ಧಾನ್ಯವಿದೆ?” ಎಂಬ ಪ್ರಶ್ನೆಯನ್ನು “ಯಾರಿಗೆ ಅದನ್ನು ಪಡೆಯುವ ಸಾಮರ್ಥ್ಯವಿದೆ?” ಎಂದು ಬದಲಿಸಿದ ಕೂಡಲೇ ಹವಾಮಾನಕ್ಕೆ ಸಂಬಂಧಿಸಿದ ವಿಷಯವು ಕೂಲಿ, ಬೆಲೆ ಮತ್ತು ಸರ್ಕಾರದ ನೀತಿಗೆ ಸಂಬಂಧಿಸಿದ ವಿಷಯವಾಯಿತು. ಆ ಕಾಲದ ಬೆಳೆ ಅಂದಾಜುಗಳೇ ನಂಬಲರ್ಹವಲ್ಲವೆಂದು ಕೆಲವು ವಿದ್ವಾಂಸರು ಆಕ್ಷೇಪಿಸಿದ್ದಾರೆ, ಆ ವಾದ ಇನ್ನೂ ಮುಗಿದಿಲ್ಲ. ಆದರೆ ಅಂಕಿಗಳ ಬಗ್ಗೆ ತಕರಾರು ಮಾಡುವವರೂ ಈಗ ಸೇನ್ ಕೇಳಿದ ಪ್ರಶ್ನೆಯನ್ನು ಬದಿಗಿಟ್ಟು ಮಾತನಾಡಲಾರರು.

ಇದೇ ಎಳೆಯನ್ನು ಮುಂದುವರಿಸಿದವರು ಟಿಮೊಥಿ ಬೆಸ್ಲಿ ಮತ್ತು ರಾಬಿನ್ ಬರ್ಜೆಸ್. 2002ರಲ್ಲಿ ಪ್ರಕಟವಾದ ಅವರ ಪ್ರಬಂಧವು ಭಾರತದ 16 ರಾಜ್ಯಗಳ 1958ರಿಂದ 1992ರವರೆಗಿನ ದತ್ತಾಂಶವನ್ನು ಪರಿಶೀಲಿಸಿ, ಬೆಳೆ ಕುಸಿದಾಗ ಅಥವಾ ನೆರೆಯಿಂದ ಹಾನಿಯಾದಾಗ ಯಾವ ರಾಜ್ಯ ಸರ್ಕಾರಗಳು ಪಡಿತರ ಮತ್ತು ಪರಿಹಾರವನ್ನು ಹೆಚ್ಚಿಸಿದವು ಎಂದು ಕೇಳಿತು. ವೃತ್ತಪತ್ರಿಕೆಗಳ ಪ್ರಸಾರ ಹೆಚ್ಚಿದ್ದ ರಾಜ್ಯಗಳಲ್ಲಿ ಸ್ಪಂದನೆ ಹೆಚ್ಚಿತ್ತು, ಮತ್ತು ಈ ವ್ಯತ್ಯಾಸ ಮುಖ್ಯವಾಗಿ ಪ್ರಾದೇಶಿಕ ಭಾಷೆಗಳ ಪತ್ರಿಕೆಗಳ ಪ್ರಸಾರದೊಂದಿಗೆ ಕಾಣಿಸಿಕೊಂಡಿತು. ದೇಶೀಯ ಭಾಷೆಯಲ್ಲಿ ಬರೆಯುವವರು ಈ ಫಲಿತಾಂಶವನ್ನು ಇನ್ನೂ ಹೆಚ್ಚಾಗಿ ಉಲ್ಲೇಖಿಸದಿರುವುದು ಸ್ವಲ್ಪ ಅಚ್ಚರಿಯ ಸಂಗತಿ.

ಯಾರಿಗೆ ಲಾಭ, ಯಾರಿಗೆ ನಷ್ಟ, ಯಾರ ತೀರ್ಮಾನ

ಪ್ರಶ್ನೆ ಸಿದ್ಧವಾದ ಮೇಲೆ ಒಂದು ಹಾಳೆಯಲ್ಲಿ ಮೂರು ಅಂಕಣಗಳನ್ನು ಮಾಡಿ, ಈಗಿನ ವ್ಯವಸ್ಥೆಯಿಂದ ಲಾಭ ಪಡೆಯುವವರು, ನಷ್ಟ ಹೊರುವವರು ಮತ್ತು ಅದನ್ನು ಬದಲಿಸುವ ಅಧಿಕಾರ ಇರುವವರು ಯಾರೆಂದು ಬರೆಯಿರಿ. ಪ್ರತಿ ಹೆಸರಿನ ಮುಂದೆ ಎಷ್ಟು ಜನ, ತಲಾ ಎಷ್ಟು ಪ್ರಮಾಣ ಎಂಬುದನ್ನೂ ಅಂದಾಜಿಸಿ. ಈ ಎರಡನೆಯ ಕೆಲಸವನ್ನು ಬಿಡಬಾರದು. ಮ್ಯಾನ್ಕರ್ ಓಲ್ಸನ್ 1965ರಲ್ಲಿ ಮಂಡಿಸಿದ ವಾದದ ತಿರುಳು ಇರುವುದೇ ಇಲ್ಲಿ: ಲಾಭ ಕೆಲವೇ ಜನರಲ್ಲಿ ದಟ್ಟವಾಗಿ ಸೇರಿ, ನಷ್ಟ ಲಕ್ಷಾಂತರ ಜನರಲ್ಲಿ ತೆಳುವಾಗಿ ಹರಡಿದಾಗ, ಕೆಲವರು ಸುಲಭವಾಗಿ ಸಂಘಟಿತರಾಗುತ್ತಾರೆ, ಉಳಿದವರಲ್ಲಿ ಪ್ರತಿಯೊಬ್ಬರೂ ಬೇರೆ ಯಾರಾದರೂ ಹೋರಾಡಲಿ ಎಂದು ಸುಮ್ಮನಿರುತ್ತಾರೆ. ಆಮದು ಸುಂಕವೊಂದು ಬೆರಳೆಣಿಕೆಯ ಉತ್ಪಾದಕರಿಗೆ ಕೋಟಿಗಟ್ಟಲೆ ಲಾಭ ತಂದು, ಪ್ರತಿ ಗ್ರಾಹಕನಿಗೆ ಗಮನಕ್ಕೇ ಬಾರದಷ್ಟು ಹೊರೆ ಹಾಕಿದರೆ, ಆ ಸುಂಕ ಏಕೆ ಬಹುಕಾಲ ಬಾಳುತ್ತದೆ ಎಂಬುದನ್ನು ಈ ಲೆಕ್ಕವೇ ವಿವರಿಸುತ್ತದೆ. ಅಲ್ಲಿ ಯಾರನ್ನೂ ಖಳನಾಯಕನೆಂದು ಕರೆಯುವ ಅಗತ್ಯ ಬೀಳುವುದಿಲ್ಲ.

ಆದರೆ ಓಲ್ಸನ್‌ನ ವಾದವನ್ನು ಎಲ್ಲೆಡೆ ಅನ್ವಯಿಸಲು ಹೊರಟರೆ ಎಲಿನಾರ್ ಆಸ್ಟ್ರಮ್ ಅಡ್ಡ ಬರುತ್ತಾರೆ. ಸ್ವಿಟ್ಜರ್ಲೆಂಡಿನ ಬೆಟ್ಟದ ಹುಲ್ಲುಗಾವಲುಗಳು, ಜಪಾನಿನ ಸಾಮೂಹಿಕ ಕಾಡುಗಳು, ಸ್ಪೇನಿನ ನೀರಾವರಿ ಕಾಲುವೆಗಳು, ಇವನ್ನೆಲ್ಲ ಅಭ್ಯಸಿಸಿ 1990ರಲ್ಲಿ ಅವರು ತೋರಿಸಿದ್ದು, ಜನ ತಾವೇ ನಿಯಮ ಮಾಡಿಕೊಂಡು, ತಾವೇ ಮೇಲ್ವಿಚಾರಣೆ ನಡೆಸಿ, ತಪ್ಪಿದವರಿಗೆ ಹಂತಹಂತವಾಗಿ ದಂಡ ವಿಧಿಸಿ ಶತಮಾನಗಟ್ಟಲೆ ಸಂಪನ್ಮೂಲವನ್ನು ಕಾಪಾಡಿಕೊಂಡಿದ್ದಾರೆ ಎಂಬುದನ್ನು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆದ್ದರಿಂದ ನಿಮ್ಮ ಹಾಳೆಯ ಕೆಳಗೆ ಇನ್ನೊಂದು ಸಾಲು ಸೇರಿಸಿ: ನಷ್ಟ ಹೊರುವವರು ಪರಸ್ಪರ ಪರಿಚಿತರೇ, ಮತ್ತೆ ಮತ್ತೆ ಮುಖಾಮುಖಿಯಾಗುವವರೇ?

ಪ್ರಬಂಧಗಳನ್ನು ಹುಡುಕುವುದು

ಈ ಭಾಗದಲ್ಲಿ ಹೇಳಬೇಕಾದದ್ದು ಕಡಿಮೆ. ಗೂಗಲ್ ಸ್ಕಾಲರ್‌ನಲ್ಲಿ ಹುಡುಕುವಾಗ ನೈತಿಕ ಪದಗಳಿಗಿಂತ ಕಾರ್ಯವಿಧಾನವನ್ನು ಸೂಚಿಸುವ ಪದಗಳು ಹೆಚ್ಚು ಉಪಯುಕ್ತ. ಭ್ರಷ್ಟಾಚಾರ ಎಂಬುದರ ಇಂಗ್ಲಿಷ್ ಪದ ಹಾಕಿದರೆ ಲಕ್ಷಾಂತರ ಬರಹಗಳು ಬಂದು ಬೀಳುತ್ತವೆ. ಆಡಿಟ್, ಲೀಕೇಜ್, ಮಾನಿಟರಿಂಗ್ ಎಂಬವನ್ನು ಯೋಜನೆಯ ಅಥವಾ ದೇಶದ ಹೆಸರಿನೊಂದಿಗೆ ಸೇರಿಸಿದರೆ ಬೇಕಾದದ್ದು ಸಿಗುತ್ತದೆ. ಬಡವರಿಗೆ ಮೀಸಲಾದ ಸೌಲಭ್ಯವನ್ನು ಸ್ಥಳೀಯ ಪ್ರಬಲರು ವಶಮಾಡಿಕೊಳ್ಳುವುದರ ಬಗ್ಗೆ ಹುಡುಕುವವರು ಎಲೀಟ್ ಕ್ಯಾಪ್ಚರ್ ಎಂಬ ಪದವನ್ನೂ, ಮತಕ್ಕೆ ಪ್ರತಿಯಾಗಿ ಸೌಲಭ್ಯ ಹಂಚುವುದರ ಬಗ್ಗೆ ಹುಡುಕುವವರು ಕ್ಲೈಂಟೆಲಿಸಂ ಎಂಬುದನ್ನೂ ಬಳಸಬೇಕು. ನಿಯತಕಾಲಿಕಗಳಿಗೆ ಚಂದಾ ಇಲ್ಲದವರು ಲೇಖಕರ ಸ್ವಂತ ಪುಟಗಳಲ್ಲಿ ಅಥವಾ ವರ್ಕಿಂಗ್ ಪೇಪರ್ ಸಂಗ್ರಹಗಳಲ್ಲಿ ಹುಡುಕಿದರೆ ಬಹುತೇಕ ಪ್ರಬಂಧಗಳ ಪೂರ್ವರೂಪ ಉಚಿತವಾಗಿ ದೊರೆಯುತ್ತದೆ. ವಿಷಯ ಹೊಸದಾಗಿದ್ದರೆ ಒಂಟಿ ಪ್ರಬಂಧದಿಂದ ಆರಂಭಿಸದೆ, ಆ ಕ್ಷೇತ್ರದ ಎರಡು ಮೂರು ದಶಕಗಳ ಕೆಲಸವನ್ನು ಒಟ್ಟಿಗೆ ಪರಾಮರ್ಶಿಸುವ ಸಮೀಕ್ಷಾ ಲೇಖನದಿಂದ ಆರಂಭಿಸುವುದು ಲೇಸು.

ಒಳ್ಳೆಯ ಪ್ರಬಂಧವೊಂದು ಸಿಕ್ಕ ಮೇಲೆ ಅದನ್ನು ಉಲ್ಲೇಖಿಸಿರುವ ಪ್ರಬಂಧಗಳ ಪಟ್ಟಿಯನ್ನು ತಪ್ಪದೆ ತೆರೆಯಿರಿ. ಆಕ್ಷೇಪಣೆಗಳು ಇರುವುದು ಅಲ್ಲಿ.

ಯಾವುದನ್ನು ಯಾವುದರೊಂದಿಗೆ ಹೋಲಿಸಿದ್ದಾರೆ?

ಪ್ರಬಂಧವನ್ನು ಮೊದಲ ಪುಟದಿಂದ ಕೊನೆಯವರೆಗೆ ಕ್ರಮವಾಗಿ ಓದಬೇಕಾಗಿಲ್ಲ. ಸಾರಾಂಶ ಮತ್ತು ಪೀಠಿಕೆಯನ್ನು ಓದಿ, ಗಣಿತದ ಮಾದರಿಯ ಭಾಗವನ್ನು ಸದ್ಯಕ್ಕೆ ದಾಟಿ, ದತ್ತಾಂಶ ಎಲ್ಲಿಂದ ಬಂತೆಂದು ಹೇಳುವ ಭಾಗಕ್ಕೆ ಹೋಗಿ. ಅಲ್ಲಿ ಒಂದೇ ಒಂದು ಪ್ರಶ್ನೆಗೆ ಉತ್ತರ ಹುಡುಕಿ: ಇವರು ಯಾವುದನ್ನು ಯಾವುದರೊಂದಿಗೆ ಹೋಲಿಸುತ್ತಿದ್ದಾರೆ, ಮತ್ತು ಆ ಎರಡು ಗುಂಪುಗಳು ಅಧ್ಯಯನಕ್ಕೆ ಒಳಪಟ್ಟ ಸಂಗತಿಯೊಂದನ್ನು ಬಿಟ್ಟರೆ ಉಳಿದಂತೆ ಒಂದೇ ತೆರನಾಗಿವೆಯೆಂದು ನಂಬಲು ಏನು ಆಧಾರ? ಉತ್ತರವನ್ನು ನಿಮ್ಮದೇ ಮಾತಿನಲ್ಲಿ ಎರಡು ವಾಕ್ಯಗಳಲ್ಲಿ ಬರೆಯಲಾಗದಿದ್ದರೆ ಫಲಿತಾಂಶದ ಕೋಷ್ಟಕವನ್ನು ನೋಡಲು ಇನ್ನೂ ಹೊತ್ತಾಗಿಲ್ಲ ಎಂದೇ ಅರ್ಥ.

ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಈ ಕ್ರಮದಲ್ಲಿ ಓದಿ ನೋಡೋಣ. ಮಹಿಳೆ ಅಧಿಕಾರಕ್ಕೆ ಬಂದರೆ ಸಾರ್ವಜನಿಕ ಹಣದ ವಿನಿಯೋಗ ಬದಲಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಮಹಿಳೆಯರು ಗೆದ್ದ ಊರುಗಳನ್ನು ಪುರುಷರು ಗೆದ್ದ ಊರುಗಳೊಂದಿಗೆ ಸುಮ್ಮನೆ ಹೋಲಿಸಿದರೆ ಉತ್ತರ ದಾರಿತಪ್ಪುತ್ತದೆ, ಏಕೆಂದರೆ ಮಹಿಳೆಯನ್ನು ಗೆಲ್ಲಿಸುವ ಊರು ಮೊದಲಿನಿಂದಲೂ ಬೇರೆ ಬಗೆಯದಾಗಿರಬಹುದು. ಸಂವಿಧಾನದ 73ನೇ ತಿದ್ದುಪಡಿಯ ನಂತರ ಗ್ರಾಮ ಪಂಚಾಯಿತಿಗಳ ಮುಖ್ಯಸ್ಥ ಸ್ಥಾನಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಮೀಸಲಾಯಿತು, ಮತ್ತು ಯಾವ ಪಂಚಾಯಿತಿಗೆ ಆ ಸರದಿ ಬರಬೇಕೆಂಬುದು ಊರಿನ ಗುಣದೋಷಗಳಿಗೆ ಸಂಬಂಧವಿಲ್ಲದಂತೆ, ಯಾದೃಚ್ಛಿಕವಾಗಿ ನಿರ್ಧಾರವಾಯಿತು. ಹೀಗಾಗಿ ಮೀಸಲಾದ ಮತ್ತು ಮೀಸಲಾಗದ ಪಂಚಾಯಿತಿಗಳು ಹೋಲಿಕೆಗೆ ಯೋಗ್ಯವಾದವು. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಒಟ್ಟು 265 ಪಂಚಾಯಿತಿಗಳನ್ನು ಅವರು ಸಮೀಕ್ಷೆ ಮಾಡಿದರು.

ಈ ಪ್ರಬಂಧದ ನಿಜವಾದ ಸೊಗಸು ಮುಂದಿನ ಹೆಜ್ಜೆಯಲ್ಲಿದೆ. ಮಹಿಳೆಯರು ಇಂಥದ್ದನ್ನೇ ಬಯಸುತ್ತಾರೆ ಎಂದು ಸಂಶೋಧಕರು ಊಹಿಸಿಕೊಳ್ಳಲಿಲ್ಲ. ಪಂಚಾಯಿತಿಗೆ ಬಂದ ಅಹವಾಲುಗಳಲ್ಲಿ ಮಹಿಳೆಯರು ಸಲ್ಲಿಸಿದವು ಯಾವುವು, ಪುರುಷರು ಸಲ್ಲಿಸಿದವು ಯಾವುವು ಎಂದು ವಿಂಗಡಿಸಿದರು. ಎರಡೂ ರಾಜ್ಯಗಳಲ್ಲಿ ಮಹಿಳೆಯರು ಪುರುಷರಿಗಿಂತ ಹೆಚ್ಚಾಗಿ ಕುಡಿಯುವ ನೀರಿನ ಬಗ್ಗೆ ಕೇಳಿದ್ದರು. ರಸ್ತೆಯ ವಿಷಯದಲ್ಲಿ ಮಾತ್ರ ರಾಜ್ಯಗಳು ಬೇರೆಯಾದವು: ಪಶ್ಚಿಮ ಬಂಗಾಳದಲ್ಲಿ ಮಹಿಳೆಯರು ಪುರುಷರಿಗಿಂತ ಹೆಚ್ಚಾಗಿ ರಸ್ತೆ ಕೇಳಿದ್ದರು, ರಾಜಸ್ಥಾನದಲ್ಲಿ ಕಡಿಮೆ ಕೇಳಿದ್ದರು. ಮೀಸಲಾದ ಪಂಚಾಯಿತಿಗಳ ಕಾಮಗಾರಿಗಳನ್ನು ನೋಡಿದಾಗ ಎರಡೂ ಕಡೆ ನೀರಿನ ಮೇಲಿನ ಹೂಡಿಕೆ ಹೆಚ್ಚಿತ್ತು, ರಸ್ತೆಯ ಮೇಲಿನ ಹೂಡಿಕೆ ಬಂಗಾಳದಲ್ಲಿ ಹೆಚ್ಚಾಗಿ ರಾಜಸ್ಥಾನದಲ್ಲಿ ಕಡಿಮೆಯಾಗಿತ್ತು. ಅಹವಾಲಿನ ದಿಕ್ಕು ತಿರುಗಿದ ಕಡೆಯಲ್ಲೇ ಖರ್ಚಿನ ದಿಕ್ಕೂ ತಿರುಗಿತ್ತು. ಅಧ್ಯಕ್ಷೆ ಕೇವಲ ಹೆಸರಿಗೆ ಇರುತ್ತಾಳೆ, ಆಡಳಿತ ನಡೆಸುವುದು ಗಂಡ ಎಂಬ ಸಾಮಾನ್ಯ ಆಕ್ಷೇಪಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರವನ್ನು ಭಾಷಣದಿಂದ ಕೊಡಲಾಗದು. ಒಂದು ಪ್ರಬಂಧ ಕೇವಲ ಫಲಿತಾಂಶವನ್ನು ವರದಿ ಮಾಡುತ್ತದೆಯೇ, ಅಥವಾ ಹೀಗೆ ತನ್ನ ವಿವರಣೆ ತಪ್ಪಾಗಿದ್ದರೆ ಬಯಲಾಗುವಂಥ ಪರೀಕ್ಷೆಗೆ ತನ್ನನ್ನು ಒಡ್ಡಿಕೊಳ್ಳುತ್ತದೆಯೇ ಎಂಬುದನ್ನು ಯಾವಾಗಲೂ ಗಮನಿಸಿ.

ಸರದಿ ಅಥವಾ ಚೀಟಿಯ ಬದಲು ಆಡಳಿತದ ಒಂದು ಗಡಿಗೆರೆಯೇ ಹೋಲಿಕೆಯನ್ನು ಒದಗಿಸುವುದೂ ಉಂಟು. ಬ್ರೆಜಿಲ್‌ನಲ್ಲಿ ಕಾಗದದ ಮತಪತ್ರದ ಮೇಲೆ ಅಭ್ಯರ್ಥಿಯ ಹೆಸರು ಅಥವಾ ಸಂಖ್ಯೆಯನ್ನು ಬರೆಯಬೇಕಾಗಿದ್ದ ಕಾಲದಲ್ಲಿ ಅಕ್ಷರ ಬಾರದವರ ಮತಗಳು ದೊಡ್ಡ ಪ್ರಮಾಣದಲ್ಲಿ ಅಸಿಂಧುವಾಗುತ್ತಿದ್ದವು. 1998ರ ಚುನಾವಣೆಯಲ್ಲಿ 40,500ಕ್ಕಿಂತ ಹೆಚ್ಚು ನೋಂದಾಯಿತ ಮತದಾರರಿದ್ದ ಪುರಸಭೆಗಳಿಗೆ ಮಾತ್ರ ವಿದ್ಯುನ್ಮಾನ ಯಂತ್ರ ಬಂತು. ಅದರಲ್ಲಿ ಸಂಖ್ಯೆ ಒತ್ತಿದರೆ ಅಭ್ಯರ್ಥಿಯ ಚಿತ್ರ ಕಾಣುತ್ತಿತ್ತು. ಥಾಮಸ್ ಫುಜಿವಾರ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಗೆರೆಯ ಸ್ವಲ್ಪ ಮೇಲಿದ್ದ ಮತ್ತು ಸ್ವಲ್ಪ ಕೆಳಗಿದ್ದ ಪುರಸಭೆಗಳನ್ನು ಹೋಲಿಸಿತು. ಗೆರೆಯ ಮೇಲಿದ್ದಲ್ಲಿ ಚಲಾವಣೆಯಾದ ಮತಗಳಲ್ಲಿ ಹತ್ತನೇ ಒಂದು ಭಾಗಕ್ಕೂ ಹೆಚ್ಚು ಹೊಸದಾಗಿ ಸಿಂಧುವಾದವು. ಅಲ್ಲಿಂದ ಮುಂದೆ ಅವರು ರಾಜ್ಯಗಳ ಮಟ್ಟದಲ್ಲಿ ಹೋಲಿಸಿ, ಯಂತ್ರ ವ್ಯಾಪಿಸಿದಂತೆ ಸಾರ್ವಜನಿಕ ಆರೋಗ್ಯದ ಖರ್ಚು ಏರಿದ್ದನ್ನೂ, ಹೆಚ್ಚು ಶಾಲೆ ಕಲಿಯದ ತಾಯಂದಿರಿಗೆ ಹುಟ್ಟಿದ ಮಕ್ಕಳಲ್ಲಿ ಕಡಿಮೆ ತೂಕದವರ ಪ್ರಮಾಣ ಇಳಿದದ್ದನ್ನೂ ತೋರಿಸಿದರು. ಹೆಚ್ಚು ಓದಿದ ತಾಯಂದಿರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಸರ್ಕಾರಿ ಆರೋಗ್ಯ ಸೇವೆಯನ್ನು ನೆಚ್ಚಿಕೊಂಡವರಲ್ಲಿ ಮಾತ್ರ ಪರಿಣಾಮ ಕಾಣಿಸಿದ್ದು ವಿವರಣೆಗೆ ಬಲ ಕೊಟ್ಟಿತು. ಮೇಲೆ ದೂರಿನ ರೂಪದಲ್ಲಿ ಬರೆದಿದ್ದ ಆಸ್ಪತ್ರೆಯ ವಾಕ್ಯಕ್ಕೆ ಇದೊಂದು ಉತ್ತರ: ಖರ್ಚು ಹೆಚ್ಚಿದ್ದು, ಅದರ ಅಗತ್ಯವಿದ್ದವರ ಮತಗಳು ಲೆಕ್ಕಕ್ಕೆ ಸೇರಿದಾಗ.

ಅಳೆದದ್ದು ಹೇಗೆ?

ಸಾಮಾಜಿಕ ಸಮಸ್ಯೆಗಳಲ್ಲಿ ಮುಖ್ಯವಾದದ್ದು ಬಹಳಷ್ಟು ಸಲ ಮುಚ್ಚಿಟ್ಟದ್ದೇ ಆಗಿರುತ್ತದೆ. ಲಂಚ, ಕಳವು, ಬೆದರಿಕೆ ಯಾವುದೂ ದಾಖಲೆಯಲ್ಲಿ ಇರುವುದಿಲ್ಲ. ಆದ್ದರಿಂದ ಪ್ರಬಂಧ ಅದನ್ನು ಅಳೆದಿದ್ದು ಜನರ ಅನಿಸಿಕೆಯನ್ನು ಕೇಳಿಯೋ, ನೇರವಾಗಿಯೋ ಎಂದು ಪರಿಶೀಲಿಸಬೇಕು. ಬೆಂಜಮಿನ್ ಓಲ್ಕೆನ್ ಇಂಡೊನೇಷ್ಯಾದ 600ಕ್ಕೂ ಹೆಚ್ಚು ಹಳ್ಳಿಗಳ ರಸ್ತೆ ಕಾಮಗಾರಿಗಳನ್ನು ಅಧ್ಯಯನ ಮಾಡಿದಾಗ (ಅದು ಪ್ರಕಟವಾದದ್ದು 2007ರಲ್ಲಿ) ಎಂಜಿನಿಯರುಗಳು ಮುಗಿದ ರಸ್ತೆಯನ್ನು ಅಗೆದು, ಕಲ್ಲು ಮರಳು ಎಷ್ಟು ಹಾಕಲಾಗಿದೆಯೆಂದು ಅಳೆದು, ಸ್ಥಳೀಯ ದರದಲ್ಲಿ ಅದರ ವೆಚ್ಚ ಲೆಕ್ಕ ಹಾಕಿ, ಕಡತದಲ್ಲಿ ತೋರಿಸಿದ್ದ ವೆಚ್ಚದೊಂದಿಗೆ ಹೋಲಿಸಿದರು. ಕಳವಿಲ್ಲದೆಯೂ ಸಾಮಗ್ರಿ ಸ್ವಲ್ಪ ನಷ್ಟವಾಗುತ್ತದೆ ಎಂಬುದನ್ನು ಕಳೆಯಲು ಓಲ್ಕೆನ್ ತಾವೇ ಚಿಕ್ಕ ಪರೀಕ್ಷಾ ರಸ್ತೆಗಳನ್ನು ಹಾಕಿಸಿದರು. ಸರ್ಕಾರಿ ಲೆಕ್ಕಪರಿಶೋಧನೆಯ ಸಂಭವವನ್ನು ಶೇ 4ರಿಂದ ಶೇ 100ಕ್ಕೆ ಏರಿಸಿದ ಹಳ್ಳಿಗಳಲ್ಲಿ, ಲೆಕ್ಕಕ್ಕೆ ಸಿಗದ ವೆಚ್ಚದ ಪಾಲು ಸುಮಾರು 8 ಶೇಕಡಾ ಅಂಶಗಳಷ್ಟು ಇಳಿಯಿತು. ಹಳ್ಳಿಗರನ್ನು ಹೆಚ್ಚಿನ ಸಂಖ್ಯೆಯಲ್ಲಿ ಸಭೆಗೆ ಕರೆದ ಕಡೆ ಒಟ್ಟಾರೆ ಪರಿಣಾಮ ಅಲ್ಪವಾಗಿತ್ತು: ಕೂಲಿಯ ಹಣದ ಕಳವು ಕಡಿಮೆಯಾದರೂ ಸಾಮಗ್ರಿಯ ಕಳವು ನಿಲ್ಲಲಿಲ್ಲ. ಕೂಲಿ ಸಿಗದಿದ್ದರೆ ನಷ್ಟ ನೇರವಾಗಿ ಒಬ್ಬನಿಗೆ ತಟ್ಟುತ್ತದೆ, ಮರಳು ಕಡಿಮೆಯಾದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿಹೋಗುತ್ತದೆ. ಓಲ್ಸನ್ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾನೆ. ಲೆಕ್ಕಪರಿಶೋಧನೆ ಬಿಗಿಯಾದ ಹಳ್ಳಿಗಳಲ್ಲಿ ಕಾಮಗಾರಿಯ ಕೆಲಸಗಳು ಮುಖಂಡರ ಬಂಧುಗಳಿಗೆ ಹೆಚ್ಚಾಗಿ ಸಿಕ್ಕವು ಎಂಬ ಉಪಫಲಿತಾಂಶವನ್ನೂ ಬಿಡದೆ ಓದಬೇಕು, ಏಕೆಂದರೆ ಒಂದು ಬಾಗಿಲು ಮುಚ್ಚಿದಾಗ ಅನುಕೂಲ ಪಡೆಯುತ್ತಿದ್ದವರು ಸುಮ್ಮನೆ ಕೂರುವುದಿಲ್ಲ.

ಇತಿಹಾಸವನ್ನು ಆಧರಿಸಿದ ಅಧ್ಯಯನಗಳು

ಕೆಲವು ಪ್ರಬಂಧಗಳು ಇಂದಿನ ಅಸಮಾನತೆಯ ಬೇರನ್ನು ನೂರಿನ್ನೂರು ವರ್ಷಗಳ ಹಿಂದಿನ ನಿಯಮಗಳಲ್ಲಿ ಹುಡುಕುತ್ತವೆ. ಅಭಿಜಿತ್ ಬ್ಯಾನರ್ಜಿ ಮತ್ತು ಲಕ್ಷ್ಮಿ ಅಯ್ಯರ್ 2005ರಲ್ಲಿ ಬ್ರಿಟಿಷ್ ಭಾರತದ ಜಿಲ್ಲೆಗಳನ್ನು ಭೂಕಂದಾಯದ ಪದ್ಧತಿಗೆ ಅನುಸಾರವಾಗಿ ವಿಂಗಡಿಸಿ, ಜಮೀನ್ದಾರರ ಕೈಯಲ್ಲಿ ವಸೂಲಿ ಇದ್ದ ಜಿಲ್ಲೆಗಳು ಸ್ವಾತಂತ್ರ್ಯಾನಂತರವೂ ಕೃಷಿ ಹೂಡಿಕೆ, ಇಳುವರಿ, ಶಾಲೆ ಮತ್ತು ಆರೋಗ್ಯ ಸೌಲಭ್ಯಗಳಲ್ಲಿ ಹಿಂದುಳಿದದ್ದನ್ನು ತೋರಿಸಿದರು. ಜಮೀನ್ದಾರಿ ರದ್ದಾದ ಮೇಲೂ ಅದರ ಪರಿಣಾಮ ಉಳಿದದ್ದು ಆಶ್ಚರ್ಯಕರವಾಗಿ ಕಂಡರೂ, ಜಮೀನ್ದಾರರು ಮತ್ತು ರೈತರ ನಡುವಿನ ಹಳೆಯ ವೈರ ಒಳಗೊಳಗೇ ಉಳಿದ ಸಮಾಜ ಸರ್ಕಾರದಿಂದ ಸೌಲಭ್ಯಗಳನ್ನು ಒಟ್ಟಾಗಿ ಕೇಳಿ ಪಡೆಯಲಾರದು ಎಂಬ ವಿವರಣೆಯನ್ನು ಗಮನಿಸಿದರೆ ಆಶ್ಚರ್ಯ ಕಡಿಮೆಯಾಗುತ್ತದೆ.

ಇಂಥ ಅಧ್ಯಯನಗಳಲ್ಲಿ ದತ್ತಾಂಶ ಹಳೆಯದು, ಚದುರಿದ್ದು. ಅದಕ್ಕಾಗಿ ಎಚ್ಚರವನ್ನು ಇಮ್ಮಡಿಸಬೇಕು. ಡರಾನ್ ಅಸೆಮೊಗ್ಲು, ಸೈಮನ್ ಜಾನ್ಸನ್ ಮತ್ತು ಜೇಮ್ಸ್ ರಾಬಿನ್ಸನ್ 2001ರ ಪ್ರಸಿದ್ಧ ಪ್ರಬಂಧದಲ್ಲಿ ವಸಾಹತುಗಳಿಗೆ ಬಂದ ಯುರೋಪಿಯನ್ನರ ಸಾವಿನ ಪ್ರಮಾಣವನ್ನು ಬಳಸಿ (ಸಾವು ಹೆಚ್ಚಿದ್ದ ಕಡೆ ಅವರು ನೆಲೆಯೂರದೆ, ಸಂಪತ್ತನ್ನು ದೋಚುವ ಆಡಳಿತವನ್ನಷ್ಟೇ ಕಟ್ಟಿದರು ಎಂಬುದು ಅವರ ತರ್ಕ), ಸಂಸ್ಥೆಗಳ, ಅಂದರೆ ಆಸ್ತಿ ಮತ್ತು ಅಧಿಕಾರದ ನಿಯಮಗಳ, ಗುಣಮಟ್ಟ ಇಂದಿನ ಆದಾಯವನ್ನು ನಿರ್ಧರಿಸುತ್ತದೆಂದು ವಾದಿಸಿದರು. 2012ರಲ್ಲಿ ಡೇವಿಡ್ ಆಲ್ಬೌಯಿ ಅದೇ ನಿಯತಕಾಲಿಕದಲ್ಲಿ, ಮಾದರಿಯ ಅರ್ಧಕ್ಕೂ ಹೆಚ್ಚು ದೇಶಗಳ ಸಾವಿನ ಅಂಕಿಗಳನ್ನು ಬೇರೆ ದೇಶಗಳಿಂದ ಎರವಲು ತಂದದ್ದೆಂದು ತೋರಿಸಿದರು. ಮೂಲ ಲೇಖಕರು ಅದಕ್ಕೆ ಪ್ರತ್ಯುತ್ತರ ಬರೆದರು. 2024ರಲ್ಲಿ ಆ ಮೂವರಿಗೂ ನೊಬೆಲ್ ದೊರೆತ ಮಾತ್ರಕ್ಕೆ ಆ ಆಕ್ಷೇಪ ಇಲ್ಲವಾಗುವುದಿಲ್ಲ. ಮೂರೂ ಬರಹಗಳನ್ನು ಒಟ್ಟಿಗೆ ಓದುವುದು ಈ ಶಾಸ್ತ್ರದ ಒಳಗಿನ ಜಗಳ ಹೇಗೆ ನಡೆಯುತ್ತದೆ ಎಂಬುದನ್ನು ಕಲಿಯಲು ಇರುವ ಹತ್ತಿರದ ದಾರಿ.

ಒಂದು ಕಡೆಯ ಫಲಿತಾಂಶವನ್ನು ಇನ್ನೊಂದು ಕಡೆಗೆ ಒಯ್ಯುವಾಗ

ಉಗಾಂಡದಲ್ಲಿ 1991ರಿಂದ 1995ರವರೆಗೆ ಪ್ರಾಥಮಿಕ ಶಾಲೆಗಳಿಗೆ ಕೇಂದ್ರ ಸರ್ಕಾರ ಕಳಿಸಿದ ತಲಾವಾರು ಅನುದಾನದಲ್ಲಿ ಸರಾಸರಿ ಶೇ 13ರಷ್ಟು ಮಾತ್ರ ಶಾಲೆಗಳನ್ನು ತಲುಪಿತ್ತೆಂದು ರಿತ್ವಾ ರೈನಿಕ್ಕ ಮತ್ತು ಯಾಕೋಬ್ ಸ್ವೆನ್ಸನ್ ಕಂಡುಕೊಂಡರು. ಸರ್ಕಾರ ಬಿಡುಗಡೆಯಾದ ಹಣದ ವಿವರವನ್ನು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿತು, 2001ರ ಹೊತ್ತಿಗೆ ಶೇ 80ಕ್ಕೂ ಹೆಚ್ಚು ಹಣ ತಲುಪುತ್ತಿತ್ತು. “ಮಾಹಿತಿ ಕೊಟ್ಟರೆ ಸೋರಿಕೆ ನಿಲ್ಲುತ್ತದೆ” ಎಂಬ ಘೋಷಣೆಯಾಗಿ ಈ ಕಥೆ ಲೋಕವನ್ನೆಲ್ಲ ಸುತ್ತಿತು. ಆದರೆ ಅದೇ ಅವಧಿಯಲ್ಲಿ ಅಲ್ಲಿ ಶಿಕ್ಷಣದ ನೀತಿ ಮತ್ತು ಹಣಕಾಸು ಆಡಳಿತದಲ್ಲಿ ಬೇರೆ ಸುಧಾರಣೆಗಳೂ ನಡೆದಿದ್ದವೆಂದು ನಂತರದ ವಿಮರ್ಶಕರು ನೆನಪಿಸಿದ್ದಾರೆ.

ಆದ್ದರಿಂದ ಫಲಿತಾಂಶವನ್ನು ಒಯ್ಯುವ ಬದಲು ಅದರ ಹಿಂದಿನ ಕಾರ್ಯವಿಧಾನವನ್ನು ಕೊಂಡಿ ಕೊಂಡಿಯಾಗಿ ಬಿಡಿಸಿ ಬರೆದುಕೊಳ್ಳಿ. ಪತ್ರಿಕೆ ಶಾಲೆಯ ಹತ್ತಿರ ತಲುಪಬೇಕು, ಯಾರಾದರೂ ಓದಬೇಕು, ಬರಬೇಕಾದ ಮೊತ್ತ ಸರಳವಾಗಿ ಲೆಕ್ಕ ಸಿಗುವಂತಿರಬೇಕು, ಕೇಳಿದರೆ ಮೇಲಿನವರು ಕ್ರಮ ಜರುಗಿಸಬೇಕು, ಕೇಳಿದವರಿಗೆ ತೊಂದರೆಯಾಗಬಾರದು. ನೀವು ಯೋಚಿಸುತ್ತಿರುವ ಸ್ಥಳದಲ್ಲಿ ಇವುಗಳಲ್ಲಿ ಯಾವ ಕೊಂಡಿ ಇಲ್ಲವೋ ಅಲ್ಲಿಗೆ ಆ ಪರಿಹಾರ ನಿಂತುಹೋಗುತ್ತದೆ, ಮತ್ತು ನಿಮ್ಮ ಮುಂದಿನ ಹುಡುಕಾಟ ಆ ಕೊಂಡಿಯ ಬಗ್ಗೆಯೇ ಇರಬೇಕು.

ಓದಿದ್ದನ್ನು ಬರೆಯುವಾಗ ಸ್ಥಳ, ಅವಧಿ, ಹೋಲಿಕೆಯ ಗುಂಪು, ಪರಿಣಾಮದ ಗಾತ್ರ ಮತ್ತು ಮುಖ್ಯ ಆಕ್ಷೇಪಣೆ ಇವಿಷ್ಟನ್ನು ಅದೇ ಪ್ಯಾರಾದಲ್ಲಿ ಕೊಡಿ. “ಸಂಶೋಧನೆಯಿಂದ ಸಾಬೀತಾಗಿದೆ” ಎಂಬ ಪದಪುಂಜವನ್ನು ಬಿಟ್ಟು “ಇಂಥ ಕಡೆ, ಇಂಥ ಹೋಲಿಕೆಯಲ್ಲಿ, ಇಷ್ಟು ಕಂಡುಬಂತು” ಎಂದು ಬರೆಯಿರಿ. ಮೀಸಲಾತಿಯಿಂದ ರಾಜಸ್ಥಾನದ ಪಂಚಾಯಿತಿಗಳಲ್ಲಿ ಹಣ ರಸ್ತೆಯಿಂದ ನೀರಿನ ಕಡೆಗೆ ಹರಿಯಿತು ಎಂಬುದು ಸಂಶೋಧನೆ ಹೇಳುವ ಮಾತು. ಹಾಗೆ ಹರಿದದ್ದು ನ್ಯಾಯವೇ ಎಂಬುದು ಬೇರೆ ಮಾತು, ಅದನ್ನು ಬೇರೆ ವಾಕ್ಯದಲ್ಲಿ, ಸ್ವಂತ ಅಭಿಪ್ರಾಯವೆಂದು ಸ್ಪಷ್ಟವಾಗಿ ತಿಳಿಸಿ, ಅದಕ್ಕೆ ನಿಮ್ಮ ಕಾರಣಗಳನ್ನು ಕೊಟ್ಟು ಬರೆಯಬೇಕು.